ಮಿತವಾದ ಹಣದಲ್ಲಿ ಗೇಮಿಂಗ್ ಕಂಪ್ಯೂಟರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಎಂಜಿನಿಯರಿಂಗ್ ಎರಡನೆಯ ವರ್ಷದ ವಿದ್ಯಾರ್ಥಿ. ಮಾನಿಟರ್ ಸೇರಿ ಎಪ್ಪತ್ತೈದು ಸಾವಿರ ರೂಪಾಯಿಯೊಳಗೆ ಗೇಮಿಂಗ್ ಕಂಪ್ಯೂಟರ್ ಅಸೆಂಬಲ್ ಮಾಡಿಸಬೇಕೆಂದಿದ್ದೇನೆ. ವ್ಯಾಲರಂಟ್ ಮತ್ತು ಜಿಟಿಎ 5 ಆಡುತ್ತೇನೆ. ಸೈಬರ್‌ಪಂಕ್ 2077 ಆಡುವ ಆಸೆಯೂ ಇದೆ. ಅಂಗಡಿಯವರು ಕೊಟ್ಟ ಕೊಟೇಶನ್‌ನಲ್ಲಿ ಕೋರ್ ಐ7 ಪ್ರೊಸೆಸರ್, 16 ಜಿಬಿಯ ಒಂದೇ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್, ಬಣ್ಣದ ದೀಪಗಳಿರುವ ಗಾಜಿನ ಕ್ಯಾಬಿನೆಟ್ ಇವೆ. ಎಸ್‌ಎಂಪಿಎಸ್ ಎಂಬಲ್ಲಿ ‘450 ವ್ಯಾಟ್’ ಎಂದಷ್ಟೇ ಬರೆದಿದೆ. ಇದು ಸರಿಯಾದ ಆಯ್ಕೆಯೇ?
— ಒಬ್ಬ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಈ ಕೊಟೇಶನ್‌ಗೆ ಮುಂಗಡ ಕೊಡಬೇಡಿ. ಆಟದ ವೇಗವನ್ನು ನಿರ್ಧರಿಸುವ ಭಾಗಕ್ಕೆ ಇದರಲ್ಲಿ ಕಡಿಮೆ ಹಣವನ್ನೂ, ಹೆಸರು ಕೇಳಿದೊಡನೆ ದೊಡ್ಡದೆನಿಸುವ ಭಾಗಕ್ಕೆ ಹೆಚ್ಚು ಹಣವನ್ನೂ ಇಡಲಾಗಿದೆ. ಇಡೀ ಯಂತ್ರದ ಸುರಕ್ಷತೆಯ ಹೊಣೆ ಹೊತ್ತ, ಎಲ್ಲ ಭಾಗಗಳಿಗೂ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್‌ಗಂತೂ ತಯಾರಕರ ಹೆಸರೇ ಇಲ್ಲ.

ಬಿಡಿಭಾಗಗಳ ಪಟ್ಟಿಯನ್ನು ಪ್ರೊಸೆಸರ್‌ನಿಂದ ಆರಂಭಿಸುವುದು ರೂಢಿ. ಅದರ ಬದಲು ಮಾನಿಟರ್‌ನಿಂದ ಆರಂಭಿಸಿ ಹಿಂದಕ್ಕೆ ಲೆಕ್ಕ ಹಾಕಿದರೆ ಹಣ ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದು ತಾನಾಗಿ ಗೊತ್ತಾಗುತ್ತದೆ. 1920 × 1080 ಅಳತೆಯ ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕೆಗಳಿರುತ್ತವೆ. 2560 × 1440 ಪರದೆಯಲ್ಲಿ ಸುಮಾರು 36.9 ಲಕ್ಷ, 4ಕೆ ಪರದೆಯಲ್ಲಿ ಸುಮಾರು 83 ಲಕ್ಷ. ಗ್ರಾಫಿಕ್ಸ್ ಕಾರ್ಡ್ ಇಷ್ಟೂ ಚುಕ್ಕೆಗಳ ಬಣ್ಣವನ್ನು ಪ್ರತಿ ಫ್ರೇಮ್‌ಗೂ, ಅಂದರೆ ಪರದೆಯ ಮೇಲೆ ಮೂಡುವ ಪ್ರತಿ ಚಿತ್ರಕ್ಕೂ, ಹೊಸದಾಗಿ ಲೆಕ್ಕ ಹಾಕಬೇಕಾಗಿರುವುದರಿಂದ, ಪರದೆಯ ಅಳತೆ ಹೆಚ್ಚಿದಂತೆಲ್ಲ ಕಾರ್ಡಿನ ಮೇಲಿನ ಭಾರವೂ ಹೆಚ್ಚುತ್ತದೆ. ನಿಮ್ಮ ಮೊತ್ತಕ್ಕೆ 24 ಇಂಚಿನ 1080 ಪರದೆಯೇ ತಕ್ಕದ್ದು; ಅದಕ್ಕಿಂತ ದೊಡ್ಡ ಅಳತೆಯನ್ನು ಈಗ ಯೋಚಿಸಬೇಡಿ.

ಪರದೆ ನಿಶ್ಚಯವಾದ ಮೇಲೆ ಗ್ರಾಫಿಕ್ಸ್ ಕಾರ್ಡ್. ಮಾನಿಟರ್ ಬಿಟ್ಟು ಉಳಿದ ಹಣದಲ್ಲಿ ಮೂರನೆಯ ಒಂದು ಭಾಗದಿಂದ ಶೇ 40ರವರೆಗೆ ಇದಕ್ಕೇ ಮೀಸಲಿರಲಿ. ನಿಮಗೆ ಸೂಚಿಸಿರುವ 4 ಜಿಬಿ ಕಾರ್ಡ್ ಇಂದಿನ ದೊಡ್ಡ ಆಟಗಳಿಗೆ ಸಾಲುವುದಿಲ್ಲ. ಆಟದ ಚಿತ್ರಗಳು ಕಾರ್ಡಿನ ಸ್ವಂತ ಮೆಮೊರಿಯಲ್ಲಿ ಹಿಡಿಸದೆ ಹೋದಾಗ ಅವು ಕಂಪ್ಯೂಟರಿನ ರ‍್ಯಾಮ್‌ನಲ್ಲಿ ಕುಳಿತು, ಬೇಕಾದಾಗಲೆಲ್ಲ ಮದರ್‌ಬೋರ್ಡಿನ ದಾರಿಯಲ್ಲಿ ಓಡಾಡಬೇಕಾಗುತ್ತದೆ. ಆರ್‌ಟಿಎಕ್ಸ್ 4060 ಕಾರ್ಡಿನ ಸ್ವಂತ ಮೆಮೊರಿ ಸೆಕೆಂಡಿಗೆ 272 ಗಿಗಾಬೈಟ್ ಮಾಹಿತಿಯನ್ನು ಸಾಗಿಸಬಲ್ಲದು. ಆದರೆ ಅದಕ್ಕೂ ಮದರ್‌ಬೋರ್ಡಿಗೂ ನಡುವಿನ, ಪಿಸಿಐ ಎಕ್ಸ್‌ಪ್ರೆಸ್ ಎಂಬ ಎಂಟು ಲೇನ್‌ಗಳ ದಾರಿಯಲ್ಲಿ ಸಾಗುವುದು ಸೆಕೆಂಡಿಗೆ ಸುಮಾರು 16 ಗಿಗಾಬೈಟ್ ಮಾತ್ರ. ಆರ್‌ಎಕ್ಸ್ 6500 ಎಕ್ಸ್‌ಟಿಯಂತಹ 4 ಜಿಬಿ ಕಾರ್ಡಿಗೆ ಇರುವುದೇ ನಾಲ್ಕು ಲೇನ್. ಅದನ್ನು ಈ ದಾರಿಯ ಹಳೆಯ ಆವೃತ್ತಿಯಾದ ಪಿಸಿಐ ಎಕ್ಸ್‌ಪ್ರೆಸ್ 3.0 ಮಾತ್ರ ಇರುವ ಮದರ್‌ಬೋರ್ಡಿಗೆ ಹಾಕಿದರೆ ಈ ದಾರಿ ಸುಮಾರು 4 ಗಿಗಾಬೈಟಿಗೆ ಇಳಿಯುತ್ತದೆ. ಸರಾಸರಿ ವೇಗ ಪರವಾಗಿಲ್ಲವೆನಿಸಿದರೂ ಆಟ ನಡುನಡುವೆ ತಡವರಿಸುವುದು ಈ ಕಾರಣದಿಂದಲೇ. ಆದ್ದರಿಂದ 8 ಜಿಬಿಗಿಂತ ಕಡಿಮೆ ಇರುವ ಹೊಸ ಕಾರ್ಡಿಗೆ ಹಣ ಹಾಕಬೇಡಿ.

ಆರ್‌ಎಕ್ಸ್ 7600, ಆರ್‌ಟಿಎಕ್ಸ್ 4060, ಆರ್‌ಟಿಎಕ್ಸ್ 5060 ಇವುಗಳಲ್ಲಿ ನೀವು ಹೋದ ದಿನ ಯಾವುದು ನಿಮ್ಮ ಕೈಗೆಟುಕುವ ಬೆಲೆಗೆ ಸಿಗುತ್ತದೆಯೋ ಅದನ್ನು ಕೊಳ್ಳಿ. ಹಣ ಇನ್ನೂ ಬಿಗಿಯಾದರೆ 2021ರಲ್ಲಿ ಬಂದ ಆರ್‌ಎಕ್ಸ್ 6600 ಇಂದಿಗೂ ಮರ್ಯಾದೆಯಿಂದ ಕೆಲಸ ಮಾಡುತ್ತದೆ. ಇಂಟೆಲ್‌ನ ಆರ್ಕ್ ಬಿ580 ಕಾರ್ಡಿನಲ್ಲಿ 12 ಜಿಬಿ ಮೆಮೊರಿ ಇರುವುದು ದೊಡ್ಡ ಆಕರ್ಷಣೆ. ಆದರೆ ಅದಕ್ಕೆ ಬಯೋಸ್‌ನಲ್ಲಿ (ಮದರ್‌ಬೋರ್ಡಿನ ಮೂಲ ತಂತ್ರಾಂಶದಲ್ಲಿ) ಪ್ರೊಸೆಸರ್ ಕಾರ್ಡಿನ ಇಡೀ ಮೆಮೊರಿಯನ್ನು ಒಮ್ಮೆಗೇ ತಲುಪಲು ಬಿಡುವ ‘ರೀಸೈಜಬಲ್ ಬಾರ್’ ಸೌಲಭ್ಯ ಇರಲೇಬೇಕು ಮತ್ತು ನಿಧಾನವಾದ ಹಳೆಯ ಪ್ರೊಸೆಸರ್ ಜೊತೆಯಲ್ಲಿ ಅದರ ವೇಗ ಗಮನಾರ್ಹವಾಗಿ ಕುಗ್ಗುತ್ತದೆ ಎಂಬುದನ್ನು ತಿಳಿದೇ ಕೊಳ್ಳಬೇಕು.

ಪ್ರೊಸೆಸರ್ ವಿಷಯದಲ್ಲಿ ಐ7 ನಿಮಗೆ ಅನಗತ್ಯ. ಪ್ರತಿ ಫ್ರೇಮ್‌ಗೂ ಮೊದಲು ಪ್ರೊಸೆಸರ್ ಆಟದ ಲೆಕ್ಕಾಚಾರ ಮುಗಿಸಿ ಕಾರ್ಡಿಗೆ ಕೆಲಸ ಒಪ್ಪಿಸುತ್ತದೆ. ಜೋಡೆತ್ತುಗಳಲ್ಲಿ ನಿಧಾನದ ಎತ್ತು ನಡೆದಷ್ಟೇ ವೇಗದಲ್ಲಿ ನೇಗಿಲು ಸಾಗುವಂತೆ, ಎರಡರಲ್ಲಿ ನಿಧಾನವಾದುದು ಯಾವುದೋ ಅದೇ ಆಟದ ವೇಗವನ್ನು ನಿರ್ಧರಿಸುತ್ತದೆ. ವ್ಯಾಲರಂಟ್‌ನಂತಹ ಹಗುರ ಆಟದಲ್ಲಿ ಪ್ರೊಸೆಸರ್‌ನ ಪಾತ್ರ ಹೆಚ್ಚು. ಸೈಬರ್‌ಪಂಕ್‌ನಂತಹ ಆಟದಲ್ಲಿ ಬಹುಪಾಲು ಭಾರ ಕಾರ್ಡಿನ ಮೇಲೆಯೇ ಬೀಳುತ್ತದೆ. ಮೇಲೆ ಹೇಳಿದ ಯಾವ ಕಾರ್ಡಿಗೂ ಆರು ಕೋರ್‌ಗಳ ರೈಜೆನ್ 5 5600 ಅಥವಾ ಕೋರ್ ಐ5 12400ಎಫ್ ಸಾಕು. ಹೆಸರಿನ ಕೊನೆಯ ‘ಎಫ್’ ಅಕ್ಷರಕ್ಕೆ ಒಳಗೆ ಗ್ರಾಫಿಕ್ಸ್ ಇಲ್ಲವೆಂದು ಅರ್ಥ. ಬೇರೆ ಕಾರ್ಡ್ ಇರುವವರಿಗೆ ಅದರಿಂದ ನಷ್ಟವಿಲ್ಲ, ಬೆಲೆಯೂ ಕಡಿಮೆ. ರೈಜೆನ್ 5 5500 ಕೂಡ ಅಂಗಡಿಗಳಲ್ಲಿ ಸಿಗುತ್ತದೆ. ಹೆಸರು ಹತ್ತಿರವಿದ್ದರೂ ಅದರ ಎಲ್3 ಕ್ಯಾಶ್ (ಪ್ರೊಸೆಸರ್‌ನೊಳಗಿನ ಅತಿವೇಗದ ಸಣ್ಣ ಮೆಮೊರಿ) 5600ರ 32 ಎಂಬಿಗೆ ಬದಲಾಗಿ 16 ಎಂಬಿ ಮಾತ್ರ, ಪಿಸಿಐ ಎಕ್ಸ್‌ಪ್ರೆಸ್ ಕೂಡ 3.0. ಬೆಲೆಯ ಅಂತರ ಸಣ್ಣದಾಗಿದ್ದರೆ 5600 ಕೊಳ್ಳುವುದೇ ಒಳ್ಳೆಯದು.

ಇಲ್ಲೊಂದು ನಿಜವಾದ ಇಕ್ಕಟ್ಟಿದೆ. 5600 ಕೂರುವ ಎಎಂ4 ಸಾಕೆಟ್‌ನ ಹಾದಿ ಮುಗಿಯುತ್ತ ಬಂದಿದೆ. 2022ರಲ್ಲಿ ಬಂದ ಎಎಂ5 ಸಾಕೆಟ್‌ಗೆ ಮುಂದೆಯೂ ಹೊಸ ಪ್ರೊಸೆಸರ್‌ಗಳು ಬರಲಿವೆ, ಆದರೆ ಅದು ಹೊಸ ತಲೆಮಾರಿನ ಡಿಡಿಆರ್5 ರ‍್ಯಾಮ್ ಅನ್ನೇ ಕೇಳುತ್ತದೆ. 2025ರ ಕೊನೆಯ ತಿಂಗಳುಗಳಿಂದ ಎಐ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದಾಗಿ ರ‍್ಯಾಮ್ ಬೆಲೆ ತೀವ್ರವಾಗಿ ಏರಿತು. ಕ್ರೂಷಿಯಲ್ ಹೆಸರಿನಲ್ಲಿ ಸಾಮಾನ್ಯ ಗ್ರಾಹಕರಿಗೆ ರ‍್ಯಾಮ್ ಮಾರುತ್ತಿದ್ದ ಮೈಕ್ರಾನ್ ಕಂಪನಿ ಆ ವ್ಯವಹಾರವನ್ನೇ ನಿಲ್ಲಿಸುವುದಾಗಿ ಅದೇ ಡಿಸೆಂಬರ್‌ನಲ್ಲಿ ಘೋಷಿಸಿತು. ಎರಡು ವರ್ಷಗಳಲ್ಲಿ ಪ್ರೊಸೆಸರ್ ಬದಲಿಸುವ ಯೋಚನೆ ನಿಮಗಿದ್ದರೆ ಎಎಂ5 ಮದರ್‌ಬೋರ್ಡ್ ಮತ್ತು ರೈಜೆನ್ 5 7500ಎಫ್ ಕಡೆ ನೋಡಿ. ಒಮ್ಮೆ ಜೋಡಿಸಿದ ಯಂತ್ರವನ್ನು ಪದವಿ ಮುಗಿಯುವವರೆಗೂ ಮುಟ್ಟುವುದಿಲ್ಲವೆಂದಾದರೆ ಎಎಂ4ರಲ್ಲಿ ಉಳಿಯುವ ಹಣವನ್ನು ಕಾರ್ಡಿಗೆ ಹಾಕುವುದೇ ಲೇಸೆಂಬುದು ನನ್ನ ಅಭಿಪ್ರಾಯ.

ರ‍್ಯಾಮ್ 16 ಜಿಬಿ ಇರಲಿ, ಆದರೆ 8 ಜಿಬಿಯ ಎರಡಾಗಿ ಇರಲಿ. ಡಿಡಿಆರ್4 3200 ರ‍್ಯಾಮ್ ಒಂದೇ ಇದ್ದರೆ ಸೆಕೆಂಡಿಗೆ 25.6 ಗಿಗಾಬೈಟ್, ಎರಡಿದ್ದರೆ 51.2 ಗಿಗಾಬೈಟ್ ಸಾಗುತ್ತದೆ. ಹಾಗೆಯೇ ಬಯೋಸ್‌ನಲ್ಲಿ ಎಕ್ಸ್‌ಎಂಪಿ ಎಂಬ ಆಯ್ಕೆಯನ್ನು ಆನ್ ಮಾಡದಿದ್ದರೆ ಬಹುತೇಕ ಗೇಮಿಂಗ್ ರ‍್ಯಾಮ್‌ಗಳು ಪೊಟ್ಟಣದ ಮೇಲೆ ಬರೆದ ವೇಗದಲ್ಲಿ ಓಡುವುದಿಲ್ಲ. ಇದನ್ನು ಅಂಗಡಿಯಲ್ಲಿಯೇ ಮಾಡಿಸಿಕೊಳ್ಳಿ. ಆಟಗಳನ್ನು ಶೇಖರಿಸಿಡುವ ಎಸ್‌ಎಸ್‌ಡಿ ವೇಗದ ಎನ್‌ವಿಎಂಇ ಮಾದರಿಯದಾಗಿರಲಿ. ದೊಡ್ಡ ಆಟವೊಂದೇ 100 ಜಿಬಿ ಮೀರುವುದುಂಟು, ಆದ್ದರಿಂದ ಸಾಧ್ಯವಾದರೆ 1 ಟಿಬಿ ತೆಗೆದುಕೊಳ್ಳಿ; ದುಬಾರಿ ಮಾದರಿಯ ಅತಿವೇಗ ಆಟದಲ್ಲಿ ಅನುಭವಕ್ಕೆ ಬರುವುದಿಲ್ಲ. ಕ್ಯಾಬಿನೆಟ್‌ನ ಮುಂಭಾಗ ಗಾಜಿನದ್ದಾಗಿರದೆ ಜಾಲರಿಯದ್ದಾಗಿರಲಿ.

ಪ್ರಶ್ನೆ: ಪಿಯುಸಿ ಮುಗಿಸಿದ ಮಗನಿಗೆ ಕಂಪ್ಯೂಟರ್ ಕೊಡಿಸಬೇಕು. ಓದಿನ ಕೆಲಸದ ಜೊತೆಗೆ ಆಟವೂ ಆಡಬಹುದಾದದ್ದು ಬೇಕೆಂದು ಅವನ ಹಟ. ಒಂದೇ ಸಲಕ್ಕೆ ಅಷ್ಟು ಹಣ ಹೊಂದಿಸುವುದು ಕಷ್ಟ. ಗ್ರಾಫಿಕ್ಸ್ ಕಾರ್ಡನ್ನು ಮುಂದಿನ ವರ್ಷ ಕೊಂಡರೆ ನಡೆಯುತ್ತದೆಯೇ? ನಮ್ಮ ಊರಿನ ಬೇಸಿಗೆಯಲ್ಲಿ ಇಂಥ ಯಂತ್ರ ತಡೆಯುತ್ತದೆಯೇ?
— ಗೃಹಿಣಿ, ಕಲಬುರಗಿ

ಉತ್ತರ: ಖಂಡಿತ ನಡೆಯುತ್ತದೆ, ಅಮ್ಮ. ಆದರೆ ಇಂದು ಕೊಳ್ಳುವ ಭಾಗಗಳು ನಾಳೆ ಬರುವ ಕಾರ್ಡಿಗೆ ಅಡ್ಡಿಯಾಗಬಾರದು. ಒಳಗೇ ಗ್ರಾಫಿಕ್ಸ್ ಇರುವ ಪ್ರೊಸೆಸರ್ ಕೊಂಡರೆ ಕಾರ್ಡ್ ಇಲ್ಲದೆಯೂ ಪರದೆ ಬೆಳಗುತ್ತದೆ, ವ್ಯಾಲರಂಟ್‌ನಂತಹ ಹಗುರವಾದ ಆಟಗಳು ಕಡಿಮೆ ಸೆಟ್ಟಿಂಗ್‌ನಲ್ಲಿ ಚೆನ್ನಾಗಿಯೇ ಓಡುತ್ತವೆ. ಕಡಿಮೆ ಖರ್ಚಿನಲ್ಲಿ ರೈಜೆನ್ 5 5600ಜಿ, ಸ್ವಲ್ಪ ಹೆಚ್ಚಿಗೆ ಕೊಡಬಲ್ಲಿರಾದರೆ ಎಎಂ5 ಸಾಕೆಟ್‌ನ ರೈಜೆನ್ 5 8600ಜಿ ಇವೆ. ಎರಡನೆಯದರ ಒಳಗಿನ ಗ್ರಾಫಿಕ್ಸ್ ಹೆಚ್ಚು ಸಮರ್ಥವಾದುದು, ಮುಂದೆ ಪ್ರೊಸೆಸರ್ ಬದಲಿಸುವ ದಾರಿಯೂ ತೆರೆದಿರುತ್ತದೆ. ಅದೇ ಸಾಲಿನ 8500ಜಿ ಅಗ್ಗವೆಂದು ಅಂಗಡಿಯವರು ಹೇಳಬಹುದು. ಅದರಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ನಾಲ್ಕು ಲೇನ್ ಮಾತ್ರ ಸಿಗುವುದರಿಂದ ಮುಂದಿನ ವರ್ಷ ಕಾರ್ಡ್ ಹಾಕುವವರಿಗೆ ಅದು ಬೇಡ.

ಇಂಥ ಪ್ರೊಸೆಸರ್‌ನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇರುವುದಿಲ್ಲ. ಅದು ಕಂಪ್ಯೂಟರಿನ ರ‍್ಯಾಮ್ ಅನ್ನೇ ಹಂಚಿಕೊಳ್ಳುತ್ತದೆ. ಆದಕಾರಣ ಎರಡು ರ‍್ಯಾಮ್ ಹಾಕಿಸುವುದು ಇಲ್ಲಿ ಇನ್ನೂ ಮುಖ್ಯ. ಒಂದೇ ಹಾಕಿಸಿ ಹಣ ಉಳಿಸಿದರೆ ಆಟದ ವೇಗ ಬಹಳಷ್ಟು ಕುಸಿಯುತ್ತದೆ, ಮಗನಿಗೆ ಯಂತ್ರವೇ ಕೆಟ್ಟದ್ದೆನಿಸುತ್ತದೆ. ಎಸ್‌ಎಂಪಿಎಸ್ ಅನ್ನು ಮುಂದಿನ ವರ್ಷದ ಕಾರ್ಡಿಗೆ ಸಾಕಾಗುವಂಥದ್ದನ್ನು ಇಂದೇ ಕೊಳ್ಳಿ. ಎರಡು ಬಾರಿ ಕೊಂಡರೆ ಉಳಿತಾಯವೆಲ್ಲ ಅಲ್ಲಿಯೇ ಕರಗುತ್ತದೆ.

ನಿಮ್ಮ ಊರಿನ ಬಿಸಿಲಿನ ಬಗ್ಗೆ ಕೇಳಿದ್ದು ಒಳ್ಳೆಯದಾಯಿತು. ಗಾಳಿಯಿಂದ ತಣ್ಣಗಾಗುವ ಯಾವ ಭಾಗವೂ ಕೋಣೆಯ ಉಷ್ಣತೆಗಿಂತ ಕೆಳಗೆ ಇಳಿಯಲಾರದು. ಕೋಣೆ 25 ಡಿಗ್ರಿ ಇದ್ದಾಗ 70 ಡಿಗ್ರಿಯಲ್ಲಿ ಓಡುವ ಕಾರ್ಡ್, ಕೋಣೆ 40 ಡಿಗ್ರಿ ಮುಟ್ಟಿದಾಗ ಸುಮಾರು 85 ಡಿಗ್ರಿಯ ಹತ್ತಿರ ಹೋಗುತ್ತದೆ. ಅಷ್ಟಕ್ಕೆ ಅದು ಸುಡುವುದಿಲ್ಲ. ಮಿತಿ ಹತ್ತಿರವಾದಾಗ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಕ್ಯಾಬಿನೆಟ್‌ನ ಮುಂದೆ ಗಾಳಿ ಒಳಗೆಳೆಯುವ ಎರಡು ಫ್ಯಾನ್, ಹಿಂದೆ ಹೊರದೂಡುವ ಒಂದು ಫ್ಯಾನ್ ಇದ್ದು, ಗೋಡೆಯಿಂದ ಒಂದು ಗೇಣು ದೂರ ಇಟ್ಟು, ಜಾಲರಿಯ ಧೂಳನ್ನು ಆಗಾಗ ತೆಗೆದರೆ ಬೇಸಿಗೆ ಕಳೆಯುತ್ತದೆ. ಮೇಜಿನ ಕೆಳಗಿನ ಮುಚ್ಚಿದ ಕಪಾಟಿನಲ್ಲಿ ಮಾತ್ರ ಇಡಬೇಡಿ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮಲ್ಲಿ ದಿನಕ್ಕೆ ಹಲವು ಬಾರಿ ಕರೆಂಟ್ ಹೋಗಿ ಬರುತ್ತದೆ. ಮನೆಯಲ್ಲಿ ಇನ್‌ವರ್ಟರ್ ಇದೆ. ರೈಜೆನ್ 5 5600 ಮತ್ತು ಆರ್‌ಟಿಎಕ್ಸ್ 4060 ಇರುವ ಕಂಪ್ಯೂಟರಿಗೆ ಎಷ್ಟು ವ್ಯಾಟ್‌ನ ಎಸ್‌ಎಂಪಿಎಸ್ ಬೇಕು? ಯುಪಿಎಸ್ ಬೇರೆ ಬೇಕೇ?
— ಅಡಿಕೆ ಬೆಳೆಗಾರ, ಸಾಗರ

ಉತ್ತರ: ಎಸ್‌ಎಂಪಿಎಸ್‌ನ ಮಾತಿಗೆ ಹೆಚ್ಚು ಜಾಗ ಕೊಡುತ್ತೇನೆ, ಏಕೆಂದರೆ ಹಣ ಉಳಿಸಲು ಹೊರಟವರು ಮೊದಲು ಕೈ ಹಾಕುವುದು ಇದಕ್ಕೇ. ಬೇರೆ ಯಾವ ಭಾಗ ಕೆಟ್ಟರೂ ಸಾಮಾನ್ಯವಾಗಿ ಅದೊಂದೇ ಕೆಡುತ್ತದೆ. ಕಳಪೆ ಎಸ್‌ಎಂಪಿಎಸ್ ಕೆಡುವಾಗ ಮದರ್‌ಬೋರ್ಡನ್ನೂ ಕಾರ್ಡನ್ನೂ ಜೊತೆಗೆ ಕೊಂಡೊಯ್ಯಬಹುದು.

ನಿಮ್ಮ ಕಾರ್ಡಿನ ಬಳಕೆ 115 ವ್ಯಾಟ್. ಪ್ರೊಸೆಸರ್ 65 ವ್ಯಾಟ್ ವರ್ಗದ್ದಾದರೂ ಭಾರ ಬಿದ್ದಾಗ 76 ವ್ಯಾಟ್‌ವರೆಗೆ ಎಳೆಯುತ್ತದೆ. ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನ್‌ಗಳಿಗೆಂದು 50 ವ್ಯಾಟ್ ಸೇರಿಸಿದರೂ ಒಟ್ಟು 250ರ ಒಳಗೇ ಇರುತ್ತದೆ. ಕಾರ್ಡ್‌ಗಳು ಕ್ಷಣಾರ್ಧದಲ್ಲಿ ಸರಾಸರಿಗಿಂತ ಹೆಚ್ಚು ವಿದ್ಯುತ್ ಎಳೆಯುವುದನ್ನೂ ಮುಂದಿನ ಬದಲಾವಣೆಯನ್ನೂ ಗಮನದಲ್ಲಿಟ್ಟು ಹೆಸರಾಂತ ತಯಾರಕರ 550 ವ್ಯಾಟ್ ತೆಗೆದುಕೊಂಡರೆ ನೆಮ್ಮದಿ. 750 ವ್ಯಾಟ್ ಬೇಡವೇ ಬೇಡ.

ಆದರೆ ಡಬ್ಬಿಯ ಮೇಲಿನ ದೊಡ್ಡ ಅಂಕಿಯನ್ನು ನಂಬದೆ ಪಕ್ಕದಲ್ಲಿ ಅಂಟಿಸಿದ ಲೇಬಲ್ ಓದಿ. ಪ್ರೊಸೆಸರ್ ಮತ್ತು ಕಾರ್ಡ್ ಎರಡೂ ಬಳಸುವುದು 12 ವೋಲ್ಟ್ ಸಾಲನ್ನು. ಅಲ್ಲಿ ಬರೆದ ಆಂಪಿಯರ್ ಅನ್ನು 12ರಿಂದ ಗುಣಿಸಿ. ‘450 ವ್ಯಾಟ್’ ಎಂದು ಮಾರುವ ಡಬ್ಬಿಯ ಲೇಬಲ್‌ನಲ್ಲಿ 12 ವೋಲ್ಟ್‌ಗೆ 18 ಆಂಪಿಯರ್ ಎಂದಿದ್ದರೆ, ನಿಮಗೆ ಉಪಯೋಗಕ್ಕೆ ಬರುವುದು 216 ವ್ಯಾಟ್ ಮಾತ್ರ. ‘80 ಪ್ಲಸ್ ಬ್ರಾಂಜ್’ ಮುದ್ರೆ ಇರಬೇಕು, ಆದರೆ ಅದು ವಿದ್ಯುತ್ ಎಷ್ಟು ವ್ಯರ್ಥವಾಗುತ್ತದೆ ಎಂಬುದನ್ನು ಅಳೆಯುತ್ತದೆಯೇ ಹೊರತು ಶಾರ್ಟ್ ಆದಾಗ ಅಥವಾ ವೋಲ್ಟೇಜ್ ಏರಿದಾಗ ಯಂತ್ರವನ್ನು ಕಾಪಾಡುತ್ತದೆ ಎಂಬುದಕ್ಕೆ ಸಾಕ್ಷಿಯಲ್ಲ. ಐದು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ವಾರಂಟಿ ಕೊಡುವ ಮಾದರಿಯನ್ನು ನಾನು ಮೆಚ್ಚುತ್ತೇನೆ. ಕಾರ್ಡಿಗೆ ಬೇಕಾದ ಎಂಟು ಪಿನ್ನಿನ ತಂತಿ ಎಸ್‌ಎಂಪಿಎಸ್‌ನಿಂದಲೇ ಬರಲಿ. ಹಾರ್ಡ್ ಡಿಸ್ಕ್‌ನ ಹಳೆಯ ಮಾದರಿಯ ತಂತಿಗೆ ಅಡಾಪ್ಟರ್ ಸಿಕ್ಕಿಸಿ ಕಾರ್ಡಿಗೆ ಕೊಡುವುದು ಅಪಾಯಕರ, ಆ ತಂತಿ ಕಾದು ಕರಗಬಹುದು.

ಇನ್ನು ಇನ್‌ವರ್ಟರ್. ಕರೆಂಟ್ ಹೋದಾಗ ಬ್ಯಾಟರಿಗೆ ಬದಲಾಗಲು ಅದಕ್ಕೆ ಕೆಲವು ಮಿಲಿಸೆಕೆಂಡ್ ಬೇಕು. ಒಳ್ಳೆಯ ಎಸ್‌ಎಂಪಿಎಸ್ ಪೂರ್ಣ ಭಾರದಲ್ಲಿ ಸುಮಾರು 16 ಮಿಲಿಸೆಕೆಂಡ್, ಅಂದರೆ 50 ಹರ್ಟ್ಸ್ ವಿದ್ಯುತ್ತಿನ ಒಂದು ಸುತ್ತಿಗಿಂತ ಸ್ವಲ್ಪ ಕಡಿಮೆ ಹೊತ್ತು, ಉಸಿರು ಹಿಡಿದಿರಬಲ್ಲದು. ನಿಮ್ಮ ಇನ್‌ವರ್ಟರ್ ಶುದ್ಧ ಸೈನ್ ವೇವ್ ಮಾದರಿಯದಾಗಿದ್ದು ಹಿಂಭಾಗದಲ್ಲಿ ‘ಯುಪಿಎಸ್ ಮೋಡ್’ ಸ್ವಿಚ್ ಇದ್ದರೆ ಅದನ್ನು ಆ ಮೋಡ್‌ಗೆ ಹಾಕಿ ನೋಡಿ. ಭಾರವೂ ಅರ್ಧಕ್ಕಿಂತ ಹೆಚ್ಚಿಲ್ಲದ ಕಾರಣ ಬಹಳ ಮನೆಗಳಲ್ಲಿ ಯಂತ್ರ ನಿಲ್ಲದೆ ಓಡುತ್ತದೆ. ಹಾಗಾಗದೆ ರೀಸ್ಟಾರ್ಟ್ ಆಗುತ್ತಿದ್ದರೆ ಬೇರೆ ಯುಪಿಎಸ್ ಬೇಕು. ಅಂಗಡಿಯಲ್ಲಿ ಮೊದಲು ತೋರಿಸುವ 600 ವಿಎ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವ್ಯಾಟ್. ಎಸ್‌ಎಂಪಿಎಸ್‌ನಲ್ಲಿ ಆಗುವ ನಷ್ಟವನ್ನೂ ಮಾನಿಟರನ್ನೂ ಸೇರಿಸಿದರೆ ನಿಮ್ಮ ಭಾರ 320 ವ್ಯಾಟ್ ಮುಟ್ಟುತ್ತದೆ, ಅಂತರ ತೀರ ಕಡಿಮೆಯಾಯಿತು. 1000 ಅಥವಾ 1100 ವಿಎ ಕೊಳ್ಳಿ. ಅದೂ ಆಟ ಮುಂದುವರಿಸಲಿಕ್ಕಲ್ಲ, ಉಳಿಸಿ ಯಂತ್ರ ನಿಲ್ಲಿಸಲಿಕ್ಕೆ. ಇದಕ್ಕೆಲ್ಲ ಮುಂಚೆ ಎಲೆಕ್ಟ್ರಿಷಿಯನ್ ಕರೆಸಿ ಆ ಪ್ಲಗ್ಗಿನ ಅರ್ತಿಂಗ್ ಪರೀಕ್ಷಿಸಿಕೊಳ್ಳಿ. ಮಲೆನಾಡಿನ ಸಿಡಿಲಿಗೆ ಯಾವ ಯುಪಿಎಸ್ಸೂ ಪೂರ್ಣ ರಕ್ಷಣೆಯಲ್ಲ. ಗುಡುಗು ಕೇಳಿಸಿದರೆ ಪ್ಲಗ್ ಕಿತ್ತಿಡಿ, ಇಂಟರ್‌ನೆಟ್ ತಾಮ್ರದ ತಂತಿಯಲ್ಲಿ ಬರುತ್ತಿದ್ದರೆ ಅದನ್ನೂ ತೆಗೆಯಿರಿ.

ಪ್ರಶ್ನೆ: ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಅರ್ಧ ಬೆಲೆಗೆ ಸಿಗುತ್ತದೆಂದು ಗೆಳೆಯರು ಹೇಳುತ್ತಾರೆ. ಕೊಳ್ಳಬಹುದೇ?
— ಓದುಗ, ತುಮಕೂರು

ಉತ್ತರ: ಕೊಳ್ಳಬಹುದು, ಕಣ್ಣೆದುರಿಗೆ ಓಡಿಸಿ ತೋರಿಸುವುದಾದರೆ ಮಾತ್ರ. ಎಥೀರಿಯಂ ಎಂಬ ಕ್ರಿಪ್ಟೋಕರೆನ್ಸಿ 2022ರ ಸೆಪ್ಟೆಂಬರ್ 15ರಂದು ತನ್ನ ವ್ಯವಸ್ಥೆಯನ್ನು ಬದಲಿಸಿ ಕಾರ್ಡ್‌ಗಳಿಂದ ಗಣಿಗಾರಿಕೆ ಮಾಡುವುದನ್ನು, ಅಂದರೆ ಲೆಕ್ಕ ಹಾಕಿಸಿ ಆ ನಾಣ್ಯ ಗಳಿಸುವುದನ್ನು, ಕೊನೆಗೊಳಿಸಿದ ಮೇಲೆ, ಹಗಲಿರುಳು ದುಡಿದ ಅಸಂಖ್ಯ ಕಾರ್ಡ್‌ಗಳು ಮಾರುಕಟ್ಟೆಗೆ ಬಂದವು. ಅವೆಲ್ಲವೂ ಕೆಟ್ಟವೆಂದಲ್ಲ, ಫ್ಯಾನಿನ ಬೇರಿಂಗ್ ಮತ್ತು ಮೆಮೊರಿಯ ಮೇಲಿನ ಥರ್ಮಲ್ ಪ್ಯಾಡ್ ಸವೆದಿರುವ ಸಂಭವ ಹೆಚ್ಚು. ಅರ್ಧ ಗಂಟೆ ಭಾರದ ಪರೀಕ್ಷೆಯಲ್ಲಿ ಓಡಿಸಿ. ಪರದೆಯ ಮೇಲೆ ಬಣ್ಣದ ಚುಕ್ಕೆಗಳು, ಗೆರೆಗಳು ಬರುತ್ತವೆಯೇ, ಫ್ಯಾನ್ ಕರಕರ ಎನ್ನುತ್ತದೆಯೇ, ಉಷ್ಣತೆ ಒಂದೆಡೆ ನಿಲ್ಲುತ್ತದೆಯೇ ನೋಡಿ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶದಲ್ಲಿ ಕಾರ್ಡಿನ ನಿಜರೂಪ ಪರಿಶೀಲಿಸಿ.

ಒಂದೇ ಹೆಸರಿನಡಿ ಬೇರೆ ಬೇರೆ ಸರಕು ಇರುವುದು ಹೊಸ ಕಾರ್ಡಿಗೂ ಅನ್ವಯಿಸುವ ಎಚ್ಚರಿಕೆ. ‘ಆರ್‌ಎಕ್ಸ್ 580 2048ಎಸ್‌ಪಿ’ ಎಂಬುದು ಮೂಲ 580ರ 2304ಕ್ಕೆ ಬದಲಾಗಿ 2048 ಕೋರ್‌ಗಳನ್ನಷ್ಟೇ ಹೊಂದಿದ್ದು 570ರ ಮಟ್ಟದ್ದು. ಆರ್‌ಟಿಎಕ್ಸ್ 3060ರಲ್ಲಿ 12 ಜಿಬಿಯದು ಒಂದು, ಕಡಿಮೆ ಅಗಲದ ಮೆಮೊರಿ ದಾರಿಯಿರುವ 8 ಜಿಬಿಯದು ಇನ್ನೊಂದು. ಬಿಲ್‌ನಲ್ಲಿ ಪೂರ್ಣ ಹೆಸರು, ಮೆಮೊರಿ ಪ್ರಮಾಣ, ಸೀರಿಯಲ್ ನಂಬರ್ ಮೂರನ್ನೂ ಬರೆಸಿ. ಸೀರಿಯಲ್ ನಂಬರ್‌ನಿಂದ ವಾರಂಟಿ ಉಳಿದಿದೆಯೇ ಎಂದು ತಯಾರಕರಲ್ಲಿ ವಿಚಾರಿಸಬಹುದು. ಕಾರ್ಡ್, ಪ್ರೊಸೆಸರ್, ಕ್ಯಾಬಿನೆಟ್ ಇವನ್ನು ಹಳತು ಕೊಳ್ಳಲು ನನ್ನ ಅಭ್ಯಂತರವಿಲ್ಲ. ಎಸ್‌ಎಂಪಿಎಸ್ ಮಾತ್ರ ಎಂದಿಗೂ ಹಳತು ಬೇಡ.

ಪ್ರಶ್ನೆ: ಕಚೇರಿಯಲ್ಲಿ ಹರಾಜಾದ ನಾಲ್ಕನೆಯ ತಲೆಮಾರಿನ ಕೋರ್ ಐ5 ಕಂಪ್ಯೂಟರ್ ಕೊಂಡಿದ್ದೇನೆ. ಇದಕ್ಕೆ ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಗೇಮಿಂಗ್‌ಗೆ ಸಾಕಲ್ಲವೇ?
— ಓದುಗ, ಹುಬ್ಬಳ್ಳಿ

ಉತ್ತರ: ಹಳೆಯ ಆಟಗಳಿಗೆ ಸಾಕು, ಹೊಸದಾಗಿ ಹೆಚ್ಚು ಹಣ ಹಾಕಲು ತಕ್ಕ ಯಂತ್ರವಲ್ಲ. ಇಂಥ ಕಚೇರಿ ಯಂತ್ರಗಳ ಎಸ್‌ಎಂಪಿಎಸ್ ಬಹುಮಟ್ಟಿಗೆ ಕಂಪನಿಯದೇ ಅಳತೆಯದಾಗಿದ್ದು ಕಾರ್ಡಿಗೆ ಬೇರೆ ತಂತಿಯೇ ಇರುವುದಿಲ್ಲ. ಸ್ಲಾಟ್‌ನಿಂದ ದೊರೆಯುವ 75 ವ್ಯಾಟ್‌ನೊಳಗೆ ಓಡುವ ಕಾರ್ಡನ್ನಷ್ಟೇ ಹಾಕಬಹುದು, ಉದಾಹರಣೆಗೆ 70 ವ್ಯಾಟ್‌ನ ಆರ್‌ಟಿಎಕ್ಸ್ 3050 6 ಜಿಬಿ. ಅದಕ್ಕಿಂತ ದೊಡ್ಡ ತೊಡಕು ತಂತ್ರಾಂಶದ್ದು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಇಂಟೆಲ್‌ನ ಎಂಟನೆಯ ತಲೆಮಾರಿನಿಂದ ಈಚಿನ ಪ್ರೊಸೆಸರ್‌ಗಳನ್ನು. ಒಂದು ಎಸ್‌ಎಸ್‌ಡಿ ಹಾಕಿ ಓದು ಬರಹಕ್ಕೆ ಬಳಸಿ. ಆ ಎಸ್‌ಎಸ್‌ಡಿಯನ್ನು ಮುಂದೆ ಹೊಸ ಯಂತ್ರಕ್ಕೆ ಸಾಗಿಸಬಹುದು.

ಪ್ರಶ್ನೆ: 144 ಹರ್ಟ್ಸ್ ಮಾನಿಟರ್ ಮತ್ತು ಒಳ್ಳೆಯ ಕಾರ್ಡ್ ಎರಡನ್ನೂ ಕೊಂಡೆ. ಹಳೆಯ 60 ಹರ್ಟ್ಸ್ ಮಾನಿಟರ್‌ಗೂ ಇದಕ್ಕೂ ವ್ಯತ್ಯಾಸವೇ ಕಾಣುತ್ತಿಲ್ಲ. ಮೋಸ ಹೋದೆನೇ?
— ಓದುಗ, ಮಂಗಳೂರು

ಉತ್ತರ: ಬಹುಶಃ ಇಲ್ಲ. ಮಾನಿಟರ್‌ನ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೆ ಸಿಕ್ಕಿಸಿದೆಯೇ ಅಥವಾ ಮೇಲ್ಗಡೆ ಮದರ್‌ಬೋರ್ಡಿನ ಕಿಂಡಿಗೆ ಸಿಕ್ಕಿಸಿದೆಯೇ ಎಂದು ಮೊದಲು ನೋಡಿ. ಮದರ್‌ಬೋರ್ಡಿಗೆ ಸಿಕ್ಕಿಸಿದ್ದರೆ ಪರದೆಗೆ ಚಿತ್ರ ಬರುತ್ತಿರುವುದು ನೀವು ಹಣ ಕೊಟ್ಟು ತಂದ ಕಾರ್ಡಿನಿಂದ ನೇರವಾಗಿ ಅಲ್ಲ. ಹಳೆಯ ಎಚ್‌ಡಿಎಂಐ ಕೇಬಲ್ ಬಿಟ್ಟು ಮಾನಿಟರ್ ಜೊತೆ ಬಂದ ಡಿಸ್‌ಪ್ಲೇಪೋರ್ಟ್ ಕೇಬಲ್ ಬಳಸಿ. ಬಳಿಕ ವಿಂಡೋಸ್‌ನ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್‌ಡ್ ಡಿಸ್‌ಪ್ಲೇ ಎಂಬಲ್ಲಿ ಹೋಗಿ ರಿಫ್ರೆಶ್ ರೇಟ್, ಅಂದರೆ ಪರದೆ ಸೆಕೆಂಡಿಗೆ ಎಷ್ಟು ಬಾರಿ ಹೊಸ ಚಿತ್ರ ತೋರಿಸುತ್ತದೆ ಎಂಬುದನ್ನು, 144ಕ್ಕೆ ಬದಲಿಸಿ. ಹೊಸ ಮಾನಿಟರ್ ಹಾಕಿದಾಗ ಅದು 60ರಲ್ಲಿಯೇ ಉಳಿದುಬಿಡುವುದು ಸಾಮಾನ್ಯ. 60 ಹರ್ಟ್ಸ್‌ನಲ್ಲಿ ಪ್ರತಿ ಚಿತ್ರ 16.7 ಮಿಲಿಸೆಕೆಂಡ್ ನಿಲ್ಲುತ್ತದೆ, 144ರಲ್ಲಿ 6.9 ಮಿಲಿಸೆಕೆಂಡ್, ಬದಲಿಸಿದ ಕೂಡಲೇ ಮೌಸ್ ಅನ್ನು ಪರದೆಯ ಮೇಲೆ ಬೇಗ ಬೇಗ ಆಡಿಸಿದರೆ ಅಂತರ ಕಣ್ಣಿಗೇ ತಿಳಿಯುತ್ತದೆ. ಆ ಬಳಿಕವೂ ಆಟದಲ್ಲಿ ಮಾತ್ರ ವ್ಯತ್ಯಾಸ ಕಾಣದಿದ್ದರೆ, ಆಟದ ಸ್ವಂತ ಸೆಟ್ಟಿಂಗ್‌ನಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್) ಮಿತಿಯನ್ನು 60ಕ್ಕೆ ಕಟ್ಟಿಹಾಕಿದೆಯೇ ಎಂದು ನೋಡಿ ಅದನ್ನು ತೆಗೆಯಿರಿ.